ಹೊಸ ಅಲೆಯೂ ನಮ್ಮ ಅಡಿಗೆಮನೆಯ ಹೊಸ್ತಿಲೂ

ನನ್ನ ಕೋಣೆಯ ಮೂಲೆಯಲ್ಲಿ ಕ್ಯಾಮೆರಾ ಇಡುವ ಮೂರು ಕಾಲಿನ ಸ್ಟ್ಯಾಂಡ್ ಒಂದಿದೆ. ಸದ್ಯ ಅದರ ಮೇಲೆ ಎರಡು ಓಢಣಿ, ಒಂದು ಟವೆಲ್ ಒಣಗುತ್ತಿವೆ. ಕಾಲಿಗೆ ತೊಡರಿ ಬಿದ್ದಾಗಲೆಲ್ಲ ಅಮ್ಮ ಅದನ್ನು ಬೈಯುತ್ತಾಳೆ, ನಾನು ಎತ್ತಿ ನಿಲ್ಲಿಸುತ್ತೇನೆ. ಅದು ನನ್ನದಲ್ಲ, ಗೆಳತಿ ಸುಜಾತಾಳದು. ಒಯ್ದುಕೋ ಎಂದರೆ "ಇರ್ಲಿ ಬಿಡ, ಓಡಿ ಹೋಗೂದಿಲ್ಲ" ಎನ್ನುತ್ತಾಳೆ. ಓಢಣಿ ತೆಗೆದಾಗ ಸ್ಟ್ಯಾಂಡಿನ ಬೋಳು ತಲೆ ನನ್ನ ಕಡೆಗೇ ತಿರುಗಿಕೊಂಡಿರುವಂತೆ ಅನಿಸುತ್ತದೆ. ಹೋದ ಚಳಿಗಾಲ ಮತ್ತೆ ನೆನಪಾಗುತ್ತದೆ.

ನಾನು ಪುಕ್ಕಲಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಾ ಬೈಲಹೊಂಗಲದಿಂದ ಸವದತ್ತಿಗೆ ಬಸ್ಸಿನಲ್ಲಿ ಹೋಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಹೇಳುತ್ತೇನೆ, ನಿಜ. ಆದರೆ ಕಂಡಕ್ಟರಿಗೆ "ಇಲ್ಲೇ ನಿಲ್ಲಸ್ರಿ" ಎನ್ನುವ ಮೊದಲು ಆ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುತ್ತೇನೆ. ಎಷ್ಟೋ ಸಲ ಹೇಳಿ ನೋಡಿಕೊಳ್ಳುವಷ್ಟರಲ್ಲಿ ನಿಲ್ದಾಣ ದಾಟಿ, ಬಿಸಿಲಿನಲ್ಲಿ ಹಿಂದಕ್ಕೆ ನಡೆದಿದ್ದೇನೆ. ಇಂಥ ನಾನು ಸುಜಾತಾಳೊಂದಿಗೆ ಸೇರಿ ಒಂದು ಪುಟ್ಟ ಸಿನಿಮಾ ಮಾಡಿದ್ದೆ. ಅದು ಮುಗಿದ ಮೇಲೆ ಒಂದು ಸಂಜೆ ಫೋನ್ ಬಂತು. ಮಾಡಿದವರು ಸವದತ್ತಿಯ ಪುಟ್ಟ ಚಿತ್ರಬಳಗವೊಂದರ ಹಿರಿಯರಾದ ದೇಸಾಯಿ ಸರ್. ಇಂಗ್ಲಿಷ್ ಮಾಸ್ತರಾಗಿ ನಿವೃತ್ತರಾದವರು. ಫೋನಿನಲ್ಲೂ ತರಗತಿಯ ಹಿಂದಿನ ಬೆಂಚಿಗೆ ಕೇಳುವಂತೆಯೇ ಮಾತಾಡುತ್ತಾರೆ.

"ಅಂಜಲೀ, ನಿಮ್ಮ ಸಿನಿಮಾ ನೋಡಿದೆ. ಏನ್ ಸಂಯಮನವಾ ಆ ಕ್ಯಾಮೆರಾದ್ದು! ಪೂರಾ ಚಿತ್ರದಾಗ ಒಮ್ಮೆನೂ ಅಡಿಗಿಮನಿ ಹೊಸ್ತಿಲಾ ದಾಟೂದಿಲ್ಲ! ಇದನ್ನ ಯಾರಿಂದ ಕಲ್ತಿ? ಫ್ರಾನ್ಸಿನವರಿಂದನೋ, ಜಪಾನಿನವರಿಂದನೋ?"

"ಹಂಗೇನಿಲ್ಲ ಸರ್" ಎಂದೆ.

"ವಿನಯ ಸಾಕು. ರವಿವಾರ ತೋರಸ್ತೇವಿ. ಮುಗದ ಮ್ಯಾಲ ಸ್ವಲ್ಪ ಮಾತಾಡು. ಹೊಸ ಅಲೆ ಅಂದ್ರೇನು, ಅದು ನಮ್ಮ ಕಡಿ ಹೆಂಗ ಬಂತು, ನೀವು ಈ ಶೈಲಿನ ಯಾಕ ಹಿಡದ್ರಿ. ಅಷ್ಟಽ."

ಅಷ್ಟೇ ಎಂದರೆ ಎಷ್ಟು ಎಂಬುದು ದೇಸಾಯಿ ಸರ್‌ಗೆ ಗೊತ್ತಿರಲಿಲ್ಲ. ಕ್ಯಾಮೆರಾ ಹೊಸ್ತಿಲು ದಾಟದಿದ್ದದ್ದು ಜಪಾನಿನಿಂದ ಕಲಿತದ್ದಲ್ಲ. ನಮ್ಮಜ್ಜಿ ಮಡಿಯಲ್ಲಿದ್ದಳು, ಒಳಗೆ ಬಿಡಲಿಲ್ಲ. ಇಷ್ಟೇ ಆಗಿದ್ದರೆ ನಗುತ್ತಾ ಹೇಳಿಬಿಡಬಹುದಿತ್ತು. ಆದರೆ ಆ ಕ್ಯಾಮೆರಾ ಹಿಡಿದವಳು ಸುಜಾತಾ. ಸುಜಾತಾಳ ಮನೆತನದವರು ಅವರ ಅಜ್ಜನ ಕಾಲದಲ್ಲಿ ಬೌದ್ಧರಾದವರು. ಅದಕ್ಕಿಂತ ಮೊದಲು ಊರು ಅವರನ್ನು ಎಲ್ಲಿಟ್ಟಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಪೌರೋಹಿತ್ಯದ ಮನೆ. ಅಪ್ಪ ಈಗ ಮಾರುವುದು ಬೈಕಿನ ಬಿಡಿಭಾಗಗಳನ್ನು; ಮಂತ್ರಗಳು ಅಜ್ಜನೊಂದಿಗೆ ಹೋದವು. ಮಡಿ ಮಾತ್ರ ಅಜ್ಜಿಯೊಂದಿಗೆ ಉಳಿದಿದೆ. ಹಬ್ಬ-ಹುಣ್ಣಿಮೆಗೆ ನೈವೇದ್ಯದ ಅಡಿಗೆ ಮಾಡುವಾಗ ಅಜ್ಜಿ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು ಅಡಿಗೆಮನೆ ಸೇರಿದರೆ, ದೇವರಿಗೆ ಎಡೆ ತೋರಿಸುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ಅಪ್ಪನಿಗೂ ಇಲ್ಲ, ನನಗೂ ಇಲ್ಲ. ಹಾಗಾಗಿ ಆ ತಡೆ ಎಲ್ಲರಿಗೂ ಒಂದೇ ಆಗಿತ್ತು ಎಂದು ನಾನು ನನಗೇ ಹೇಳಿಕೊಂಡಿದ್ದೆ. ಆದರೆ ಒಂದು ಮಾತನ್ನು ನಾನು ಸಾವಿರ ಸಲ ಹೇಳಿಕೊಳ್ಳಬೇಕಾಗಿ ಬಂದರೆ ಅದರಲ್ಲಿ ಎಲ್ಲೋ ಬಿರುಕಿದೆ ಎಂದೇ ಅರ್ಥ. ರವಿವಾರ ಅಜ್ಜಿಯೂ ಸುಜಾತಾಳೂ ಕೂತಿರುವ ಒಂದೇ ಕೋಣೆಯಲ್ಲಿ ನಿಂತು ನಾನು ಏನು ಹೇಳಲಿ? ಆ ವಾರವೆಲ್ಲ ನನ್ನನ್ನು ಕೊರೆದದ್ದು ಇದೊಂದೇ.

ಹೊಸ ಅಲೆಯ ಬಗ್ಗೆ ಮಾತಾಡುವುದೇ ಆದರೆ ಅದೇನು ನನಗೆ ಕಷ್ಟವಲ್ಲ. ಧಾರವಾಡದಲ್ಲಿ ಓದುವಾಗ ಸಿನಿಮಾ ನನ್ನ ಐಚ್ಛಿಕ ವಿಷಯವಾಗಿತ್ತು. ಮಹಾಯುದ್ಧ ಮುಗಿದಾಗ ಇಟಲಿಯಲ್ಲಿ ಸ್ಟುಡಿಯೋಗಳು ಹಾಳುಬಿದ್ದಿದ್ದವು. ದೀಪಗಳಿಲ್ಲ, ಫಿಲ್ಮು ಸಾಲದು. ಹಾಗಾಗಿ ಕ್ಯಾಮೆರಾ ಬೀದಿಗೆ ಬಂತು. ಕುಸಿದ ಗೋಡೆಯೇ ಸೆಟ್ ಆಯಿತು, ಕೆಲಸ ಹುಡುಕುತ್ತಾ ಹೊರಟವನೇ ನಟನಾದ. ಮುಂದೆ ಫ್ರಾನ್ಸಿನಲ್ಲಿ, ಸಿನಿಮಾ ನೋಡಿ ನೋಡಿ, ಹಿರಿಯರ ಸಿನಿಮಾಗಳನ್ನು ಪತ್ರಿಕೆಯಲ್ಲಿ ಬೈದು ಬೈದು ಬೇಸತ್ತ ಹುಡುಗರು ತಾವೇ ಚಿತ್ರ ಮಾಡಲು ಹೊರಟರು. ಹಗುರ ಕ್ಯಾಮೆರಾ ಬಂದಿತ್ತು, ಹೆಗಲ ಮೇಲಿಟ್ಟುಕೊಂಡು ಓಡಿದರು. ಕ್ಯಾಮೆರಾ ಸಾಗಿಸುವ ಹಳಿ ಇರಲಿಲ್ಲ, ಗಾಲಿಕುರ್ಚಿಯಲ್ಲಿ ಕೂತು ತಳ್ಳಿಸಿಕೊಂಡರು. ಚಿತ್ರ ಉದ್ದವಾಯಿತು, ದೃಶ್ಯದ ನಟ್ಟನಡುವೆ ಕತ್ತರಿ ಆಡಿಸಿದರು. ನೋಡುವವರಿಗೆ ಎಡವಿದಂತಾಯಿತು, ಆ ಎಡವುವಿಕೆಯೇ ಶೈಲಿ ಎನಿಸಿತು. ಪೋಲೆಂಡಿನವರು, ಚೆಕ್ಕರು, ಜಪಾನಿನವರು ತಮ್ಮ ತಮ್ಮ ಮನೆಯ ಮುಚ್ಚಿದ ಬಾಗಿಲುಗಳನ್ನು ತಾವೇ ತೆರೆದರು. ಬ್ರೆಜಿಲಿನವರಂತೂ ಹಸಿವನ್ನೇ ಶೈಲಿ ಮಾಡಿಕೊಂಡರು. ಬಂಗಾಳದವರು ಹಳ್ಳಿಗೆ ಹೋದರು. ಎಪ್ಪತ್ತರ ದಶಕದಲ್ಲಿ ನಮ್ಮವರೂ ಹಾಡು-ಹೊಡೆದಾಟ ಬಿಟ್ಟು, ಕಾದಂಬರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಗೆ, ಅಗ್ರಹಾರಕ್ಕೆ ಹೋದರು. ಕನ್ನಡ ಸಿನಿಮಾದಲ್ಲಿ ಮೊದಲ ಸಲ ಜನ ಮಾತಿಲ್ಲದೆ ಬಹಳ ಹೊತ್ತು ಕೂತರು.

ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಕೊನೆಗೆ "ಕೈಯಲ್ಲಿ ಇಲ್ಲದ್ದೇ ಶೈಲಿಯನ್ನು ಹುಟ್ಟಿಸಿತು" ಎಂದೊಂದು ವಾಕ್ಯ ಸೇರಿಸಿದ್ದೆ. ಪ್ರಾಧ್ಯಾಪಕರು ಅದರ ಕೆಳಗೆ ಗೆರೆ ಎಳೆದಿದ್ದರು. ನಾಲ್ಕು ದಿನ ಹಾಸ್ಟೆಲಿನಲ್ಲಿ ನೆಲದ ಮೇಲೆ ಕಾಲಿಡದೆ ಓಡಾಡಿದೆ. ಇಲ್ಲದ್ದು ಎಂದರೆ ದೀಪ, ದುಡ್ಡು, ಫಿಲ್ಮು ಎಂದಷ್ಟೇ ನಾನು ತಿಳಿದಿದ್ದೆ.

ಹೊಸ ಅಲೆ ನಮ್ಮ ಮನೆಗೆ ಬಂದದ್ದು ಪಠ್ಯಕ್ಕಿಂತ ಬಹಳ ಮೊದಲು, ರವಿವಾರ ಮಧ್ಯಾಹ್ನದ ಟಿವಿಯಲ್ಲಿ. ಸರಕಾರಿ ವಾಹಿನಿಯವರು ಪ್ರಶಸ್ತಿ ಬಂದ ಹಳೆಯ ಚಿತ್ರಗಳನ್ನು, ಇಡೀ ಊರು ಉಂಡು ಮಲಗುವ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ನಿದ್ದೆ ಬಾರದವರು ಮೂವರು: ಅಜ್ಜಿ, ಕಾಕಾ ಮತ್ತು ನಾನು. ಒಮ್ಮೆ ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಬಾವಿಯಿಂದ ನೀರು ಸೇದುತ್ತಿದ್ದಳು. ಕೊಡ ಇಳಿಯಿತು, ತುಂಬಿತು, ಏರಿತು. ಮತ್ತೊಂದು ಕೊಡ ಇಳಿಯಿತು.

"ಇದನ್ನ ನೋಡ್ಲಿಕ್ಕೆ ಟಿವಿ ಯಾಕ ಬೇಕು?" ಎಂದಳು ಅಜ್ಜಿ. "ಹಿತ್ತಲಾಗ ಹೋಗಿ ಕೂಡ್ರು, ನಾ ಸೇದಿ ತೋರಸ್ತೇನಿ."

"ಇದು ಆರ್ಟ್ ಫಿಲಮ್ಮು, ಸುಮ್ಮನಿರು" ಎಂದ ಕಾಕಾ. ಅವನಿಗೂ ಬೇಸರವಾಗಿತ್ತು, ಆದರೆ ಪದವೀಧರ, ಹೇಳುವಂತಿರಲಿಲ್ಲ. ಕೊನೆಗೆ ಆ ಹೆಂಗಸು ಗಂಟು ಹೊತ್ತು ಒಂದು ಉದ್ದ ದಾರಿಯಲ್ಲಿ ನಡೆಯತೊಡಗಿದಳು. ನಡೆಯುತ್ತಿರುವಾಗಲೇ ಪರದೆ ಕಪ್ಪಾಯಿತು. ಕಾಕಾ ಎದ್ದು ಟಿವಿಯ ನೆತ್ತಿಗೆ ಎರಡೇಟು ಹಾಕಿದ. ಆಂಟೆನಾ ತಿರುಗಿಸಿದ. ಆಮೇಲೆ ವಾರ್ತೆ ಬಂತು.

"ಮುಗೀತಂತ ಒಂದ ಮಾತು ಹೇಳಬಾರದೇನ?" ಅಜ್ಜಿಗೆ ಸಿಟ್ಟು. "ಮನಿಗೆ ಬಂದವರು ಹೇಳದಽ ಎದ್ದ ಹೋದಂಗ ಆತು."

ನಾನು ಮಾತ್ರ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಆ ಹೆಂಗಸು ಊರು ಮುಟ್ಟಿದಳೋ ಇಲ್ಲವೋ ಎಂದು ಅಮ್ಮನನ್ನು ಕೇಳಿ ಕೇಳಿ ಪೀಡಿಸಿದೆ. ಮುಟ್ಟಿದಳು ಎಂದು ಅಮ್ಮ ಹೇಳಿದ ಮೇಲೂ, ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ತೆರೆದ ಅಂತ್ಯ ನೋಡುಗನನ್ನು ಸ್ವತಂತ್ರಗೊಳಿಸುತ್ತದೆ ಎಂದು ದೊಡ್ಡವಳಾದ ಮೇಲೆ ಪ್ರಬಂಧ ಬರೆದವಳೂ ನಾನೇ.

ನಮ್ಮ ಚಿತ್ರದಲ್ಲಿ ಕತೆಯೇ ಇಲ್ಲ. ಒಂದು ಹುಣ್ಣಿಮೆಯ ಮುಂಜಾನೆ ಮುದುಕಿಯೊಬ್ಬಳು ಹೋಳಿಗೆಯ ಅಡಿಗೆ ಮಾಡುತ್ತಾಳೆ. ಕಡಲೆಬೇಳೆ ಬೇಯುತ್ತದೆ, ಹೂರಣ ಅರೆಯುತ್ತಾಳೆ, ಹೋಳಿಗೆ ಬೇಯಿಸುತ್ತಾಳೆ, ಎಡೆ ತೋರಿಸುತ್ತಾಳೆ. ನಟಿಸಲು ಬಾರದವರೇ ಬೇಕು ಎಂದು ನಾನು ಹುಡುಕುವ ಅಗತ್ಯವೇ ಇರಲಿಲ್ಲ. "ನಾ ಏನೂ ನಾಟಕಾ ಮಾಡಂಗಿಲ್ಲ. ನನ್ನ ಕೆಲಸಾ ನಾ ಮಾಡ್ತೇನಿ, ನಿಮಗ ಬೇಕಾದ್ರ ತಕ್ಕೋರಿ" ಎಂದು ಅಜ್ಜಿ ಮೊದಲೇ ಷರತ್ತು ಹಾಕಿದ್ದಳು. ಇಷ್ಟು ಹೊಸ ಅಲೆಯ ನಟಿ ನನಗೆ ಎಲ್ಲಿ ಸಿಗಬೇಕು!

ಸುಜಾತಾ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ. ಊರು ಸುರೇಬಾನ; ಈಗ ರಾಮದುರ್ಗದ ಸ್ಟುಡಿಯೋ ಒಂದರ ಪರವಾಗಿ ಮದುವೆ, ಸೀಮಂತಗಳ ವಿಡಿಯೋ ತೆಗೆಯುತ್ತಾಳೆ. ಸುಗ್ಗಿಗೂ ಮದುವೆಗೂ ನಡುವಿನ ಬಿಡುವಿನಲ್ಲಿ ಕ್ಯಾಮೆರಾ ಹೊತ್ತು ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವುದಕ್ಕೂ ಪುರಸೊತ್ತು ಕೊಡದೆ ಅಜ್ಜಿ ಕೇಳಿದಳು:

"ನಿಮ್ಮ ಮನ್ಯಾಗ ಯಾರವಾ ನೀವು?"

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ದೇವರಿಗೇ ಗೊತ್ತು. ಸುಜಾತಾ ನನಗಿಂತ ಮೊದಲು, ಬಸ್ಸಿನ ಹೊತ್ತು ಹೇಳಿದಷ್ಟು ಸಲೀಸಾಗಿ, "ಬೌದ್ಧರ್ರಿ ಅಜ್ಜಿ" ಎಂದಳು.

"ಹೌದಾ" ಎಂದಳು ಅಜ್ಜಿ. ಚಹಾ ಬಂತು, ಅವಲಕ್ಕಿ ಬಂತು. ನಾನು ಮಾತ್ರ ಚಹಾ ಆರುವವರೆಗೂ ಕಪ್ಪು ಮುಟ್ಟಲಿಲ್ಲ.

ಮರುದಿನ ಮುಂಜಾನೆ ನಾವು ಕ್ಯಾಮೆರಾ ಹೊಂದಿಸುವಾಗ ಅಜ್ಜಿ ಆಗಲೇ ಮಡಿಯಲ್ಲಿದ್ದಳು. ಅಡಿಗೆಮನೆಯ ಹೊಸ್ತಿಲಿನಿಂದ ಒಂದು ಮಾರು ಈಚೆಗೆ ರಂಗೋಲಿ ಪುಡಿಯಿಂದ ಉದ್ದಕ್ಕೊಂದು ಗೆರೆ ಎಳೆದಿದ್ದಳು. "ನಿಮ್ಮ ಯಂತ್ರ ಇದರ ಈಚೆ ಕಡಿನಽ ಇರ್ಲಿ." ಸಿನಿಮಾದಲ್ಲಿ ನಟರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಗುರುತು ಹಾಕುವ ರೂಢಿಯಿದೆ. ನಟಿಯೇ ಕ್ಯಾಮೆರಾಗೆ ಗುರುತು ಹಾಕಿಕೊಟ್ಟದ್ದು ನಮ್ಮಲ್ಲೇ ಇರಬೇಕು.

ನಮ್ಮ ಅಡಿಗೆಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಮುಂಜಾನೆ ಸ್ವಲ್ಪ ಹೊತ್ತು ಒಂದು ಕೋಲಿನಂತೆ ಇಳಿದು ಒಲೆಯ ಪಕ್ಕ ಬೀಳುತ್ತದೆ, ಆಮೇಲೆ ಗೋಡೆ ಏರಿ ಹೋಗಿಬಿಡುತ್ತದೆ. ದೀಪ ಹಾಕುವುದಿಲ್ಲ ಎಂದು ನಾನು ಪಣ ತೊಟ್ಟಿದ್ದೆ. ಬೆಳಕು ಇರುವ ಹೊತ್ತಿಗೇ ಮಡಿ, ಮಡಿ ಮುಗಿದ ಹೊತ್ತಿಗೆ ಕತ್ತಲೆ. ಅಜ್ಜಿಯ ಕೈ ಹೂರಣದೊಳಗೆ ಆಡುವುದನ್ನು ಹತ್ತಿರದಿಂದ ತೆಗೆಯಬೇಕೆಂದು ನನ್ನ ಆಸೆ. ನಾನು ತಲೆ ಓಡಿಸಿದೆ. ಉಣ್ಣೆಗೆ ಮೈಲಿಗೆಯಿಲ್ಲ, ಮಡಿಸೀರೆ ಒಣಗದ ಮಳೆಗಾಲದಲ್ಲಿ ಅಜ್ಜಿಯೇ ಧಾಬಳಿ ಸುತ್ತಿಕೊಳ್ಳುತ್ತಿದ್ದಳು.

"ಅಜ್ಜಿ, ಕ್ಯಾಮೆರಾಕ್ಕ ಧಾಬಳಿ ಸುತ್ತಿದ್ರ?"

ಅಜ್ಜಿ ಲಟ್ಟಣಿಗೆ ಕೆಳಗಿಟ್ಟು ನಿಜವಾಗಿಯೂ ವಿಚಾರ ಮಾಡಿದಳು. "ಸುತ್ತಬಹುದು. ಆದ್ರ ಕಣ್ಣು ಹೊರಗಽ ಉಳೀತದಲಾ ಅದರದು." ಮತ್ತೆ ಸ್ವಲ್ಪ ತಡೆದು, "ಅದಕ್ಕ ಸುತ್ತತೀ. ಹಿಡದವರಿಗೆ?" ಎಂದಳು.

"ನನಗೂ ಒಂದ ಸುತ್ರಿ ಅಜ್ಜಿ, ಥಂಡಿ ಭಾಳ ಐತಿ" ಎಂದಳು ಸುಜಾತಾ.

ಅಜ್ಜಿ ನಕ್ಕಳು, ಸುಜಾತಾ ನಕ್ಕಳು. ಕ್ಯಾಮೆರಾದ ಆಚೆ ಒಬ್ಬಳು, ಈಚೆ ಒಬ್ಬಳು. ನಡುವೆ ಬೆವರುತ್ತಿದ್ದವಳು ನಾನು.

ಚಿತ್ರೀಕರಣ ಎನ್ನುವುದು ದೊಡ್ಡ ಮಾತು. ಕೆಲವು ದಿನ ಅಜ್ಜಿ ನಮಗಾಗಿ ದಿನಾ ಹೋಳಿಗೆ ಮಾಡಿದಳು; ಹೋಳಿಗೆ ಎಂದರೆ ನೈವೇದ್ಯ, ನೈವೇದ್ಯ ಎಂದರೆ ಮಡಿ. ಅದರ ಹೆಚ್ಚಿನ ಭಾಗ ಕಾಯುವುದೇ ಆಗಿತ್ತು. ಕಬ್ಬಿನ ಹಂಗಾಮು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಕಬ್ಬು ಹೇರಿದ ಜೋಡಿ ಡಬ್ಬಿ ಎಳೆಯುತ್ತಾ, ಎದೆ ನಡುಗಿಸುವಂತೆ ಹಾಡು ಹಾಕಿಕೊಂಡು ನಮ್ಮ ಓಣಿಯ ತುದಿಯಲ್ಲಿ ಹಾಯುತ್ತಿದ್ದವು. ಸ್ಥಳದ ನಿಜವಾದ ಸದ್ದೇ ಬೇಕು ಎಂದು ಬೇರೆ ಹಟ ಹಿಡಿದಿದ್ದೆ. ಒಮ್ಮೆ ಎಲ್ಲ ಕೂಡಿಬಂತು. ಟ್ರ್ಯಾಕ್ಟರ್ ಇಲ್ಲ, ಬೆಳಕಿನ ಕೋಲು ಅಜ್ಜಿಯ ಮುಂಗೈ ಮೇಲೆ, ಹಂಚಿನ ಮೇಲೆ ಹೋಳಿಗೆ ಉಬ್ಬುತ್ತಿದೆ. ಅಷ್ಟರಲ್ಲಿ ಅಜ್ಜಿ ನೇರ ಕ್ಯಾಮೆರಾದತ್ತ ನೋಡಿ, "ಏ ತಂಗಿ, ಕಿಡಕಿ ಬಿಸಲು ನಿನ್ನ ಮಾರಿ ಮ್ಯಾಲಽ ಬಿದ್ದದ. ಒಂದೀಟು ಸರದ ನಿಂದರು" ಎಂದಳು. ನಾನು ತಲೆ ಮೇಲೆ ಕೈ ಹೊತ್ತೆ. ಸುಜಾತಾ ಕ್ಯಾಮೆರಾ ನಿಲ್ಲಿಸಲಿಲ್ಲ. ಆ ತುಣುಕು ಚಿತ್ರದಲ್ಲಿದೆ. ದೇಸಾಯಿ ಸರ್ ಅದಕ್ಕೂ ಯಾವುದೋ ಫ್ರೆಂಚ್ ಹೆಸರು ಹೇಳಿದರು.

ಇಷ್ಟೆಲ್ಲ ಅಕ್ಕರೆ ಇತ್ತು ನೋಡಿ. ಅದಕ್ಕೇ ನನಗೆ ಕಷ್ಟ. ಮಧ್ಯಾಹ್ನ ಎಡೆಯಾದ ಮೇಲೆ ನಾನೂ ಸುಜಾತಾಳೂ ಪಡಸಾಲೆಯಲ್ಲಿ ಕೂತು ಉಣ್ಣುತ್ತಿದ್ದೆವು. ಅಜ್ಜಿ ಒತ್ತಾಯ ಮಾಡಿ ಮಾಡಿ ಬಡಿಸುತ್ತಿದ್ದಳು. ಉಂಡಾದ ಮೇಲೆ ನಾನು ಅಡಿಗೆಮನೆಗೆ ಹೋಗಿ ಬರುತ್ತಿದ್ದೆ. ಒಂದು ದಿನ ಅದೇ ಹೊತ್ತಿಗೆ ಗ್ಯಾಸ್ ಸಿಲಿಂಡರ್ ತಂದವನು ನೇರ ಒಳಗೆ ಹೋಗಿ ಇಟ್ಟು ಬಂದ. ಅವನು ಯಾರೆಂದು ಯಾರೂ ಕೇಳಲಿಲ್ಲ. ಸುಜಾತಾ ಮಾತ್ರ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಏನಾದೀತೋ ಎಂಬ ದಿಗಿಲಿನಲ್ಲಿ, ಹೇಳುವ ಸಂದರ್ಭವೇ ಬಾರದಂತೆ ದಿನಗಳನ್ನು ನಾಜೂಕಾಗಿ ದಾಟಿಸಿಬಿಟ್ಟೆ.

ದೇಸಾಯಿ ಸರ್ ಅವರ ಫೋನ್ ಬಂದ ಮರುದಿನ ಸುಜಾತಾಳಿಗೆ ಫೋನ್ ಮಾಡಿದೆ. ಸ್ಟುಡಿಯೋದಲ್ಲಿ ವಿಡಿಯೋ ಕತ್ತರಿಸುತ್ತಾ ಕೂತಿದ್ದಳು, ಹಿಂದೆ ಯಾರದೋ ಮದುವೆಯ ವಾಲಗ ಒಂದೇ ಕಡೆ ನಿಂತು ನಿಂತು ಮತ್ತೆ ಶುರುವಾಗುತ್ತಿತ್ತು.

"ರವಿವಾರ ನಾ ಮಾತಾಡಬೇಕಂತ" ಎಂದೆ.

"ಮಾತಾಡ. ನಿನಗ ಪಗಾರ ಕೊಡೂದಽ ಅದಕ್ಕ."

"ಹೊಸ್ತಿಲಾ ಯಾಕ ದಾಟಲಿಲ್ಲ ಅಂತ ಕೇಳ್ತಾರ."

ವಾಲಗ ನಿಂತಿತು. "ಏನ್ ಹೇಳಾಕಿ ಮತ್ತ?"

"ಗೊತ್ತಾಗವಲ್ದು. ಖರೇ ಹೇಳಿಬಿಡ್ಲೇನು?"

"ಯಾವ ಖರೇ?"

ಅವಳೇ ಮುಂದುವರಿಸಿದಳು. "ಇಲ್ಲಿ ಕೇಳ. ಸುಳ್ಳ ಹೇಳಬ್ಯಾಡ. ಹಂಗಂತ ನನ್ನ ಹೆಸರ ಹಿಡದು ಅಳಕೋಂತ ಖರೇನೂ ಹೇಳಬ್ಯಾಡ. ನಾಕ ಮಂದಿ ಎದ್ದ ಬಂದು ನನ್ನ ಕೈ ಹಿಡಕೊಂಡು 'ಪಾಪ' ಅಂತಾರ. ನಿನ್ನ ಬಗ್ಗೆ 'ಎಷ್ಟ ಛಲೋ ಹುಡುಗಿ' ಅಂತಾರ. ಎರಡೂ ನನಗ ಬ್ಯಾಡ."

"ಮತ್ತ ಉಳದದ್ದೇನು?"

"ಅದು ನಿನ್ನ ತಲಿಬ್ಯಾನಿ." ಆಮೇಲೆ ದನಿ ಮೆತ್ತಗಾಯಿತು. "ಮದವ್ಯಾಗ ಕ್ಯಾಮೆರಾ ಹಿಡದ್ರ ನನ್ನ ಯಾರೂ ಏನೂ ಕೇಳಂಗಿಲ್ಲ ಅಂಜು. ದೇವರ ಮುಂದನೂ ಹೋಗತೇನಿ, ಹಂದರದಾಗೂ ಹೋಗತೇನಿ. ಪಂಕ್ತಿಗೆ ಕುಂತಾಗ ಕೇಳತಾರ, ಯಾರ ಪೈಕಿ ಅಂತ. ರೂಢಿ ಆಗೇತಿ. ನೀ ಗಾಬರಿ ಆಗಬ್ಯಾಡ."

ಗಾಬರಿಯಾಗಬೇಡ ಎಂದು ಅವಳು ನನಗೆ ಹೇಳಬೇಕಾಯಿತು. ಆ ವಾರ ಪಾಠ ಹೇಳುವಾಗ ಎರಡು ಸಲ ಹಾಜರಿ ಕರೆದೆ. ಸವದತ್ತಿಯಲ್ಲಿ ಇಳಿಯಬೇಕಾದ ಕಡೆ ಒಂದು ದಿನ ಇಳಿಯದೆ ಕೂತಿದ್ದೆ. ಉತ್ತರಗಳನ್ನು ಹೊಂದಿಸುತ್ತಿದ್ದೆ, ಅಳಿಸುತ್ತಿದ್ದೆ. ಅಜ್ಜಿಯನ್ನು ಕರೆದೊಯ್ಯದಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ ಎಂದು ಅವಳ ಮೊಣಕಾಲು ನೋವಿನ ಪ್ರಸ್ತಾಪ ಮಾಡಿದೆ.

"ನನ್ನ ಮಾರಿ ಊರಮಂದಿಯೆಲ್ಲಾ ನೋಡಬೇಕು, ನಾ ಒಬ್ಬಾಕಿ ನೋಡಬಾರದೇನ?" ಎಂದಳು ಅಜ್ಜಿ. ಅಲ್ಲಿಗೆ ಅದು ಮುಗಿಯಿತು.

ರವಿವಾರ ಕಾಲೇಜಿನ ಒಂದು ಕೋಣೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದ್ದರು. ಅಜ್ಜಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ, ಮದುವೆಗೆ ಉಡುವ ಸೀರೆಯಲ್ಲಿ. ಸುಜಾತಾ ಪಕ್ಕದ ಗೋಡೆಗೆ ಒರಗಿ, ಲ್ಯಾಪ್‌ಟಾಪಿನ ಹತ್ತಿರ. ನನ್ನ ವಿದ್ಯಾರ್ಥಿಗಳು, ಬಳಗದವರು, ಇಬ್ಬರು-ಮೂವರು ವಕೀಲರು. ಚಿತ್ರ ನಡೆಯುವಾಗ ಅಜ್ಜಿ ಗಟ್ಟಿಯಾಗಿಯೇ ಮಾತಾಡಿದಳು. "ಅಯ್ಯ, ಸೆರಗು ನೋಡು ಹೆಂಗ ಜಾರೇದ." "ಆ ಹೋಳಿಗಿ ಹರೀತು, ಅದನ್ನ ತೋರಸಬಾರದಿತ್ತು." ಜನ ನಕ್ಕರು, ಚಪ್ಪಾಳೆ ತಟ್ಟಿದರು.

ನಾನು ಎದ್ದು ನಿಂತೆ. ಇಟಲಿಯಿಂದ ಶುರು ಮಾಡಿದೆ. ಮುರಿದ ಸ್ಟುಡಿಯೋ, ಬೀದಿ, ಫ್ರಾನ್ಸು, ಹಗುರ ಕ್ಯಾಮೆರಾ. ಮಾತು ಸರಾಗವಾಗಿ ಬಂತು. ಬರುತ್ತಿದ್ದಂತೆ ನನಗೆ ತಿಳಿಯಿತು, ನಾನು ಬೈಲಹೊಂಗಲದಿಂದ ಆದಷ್ಟು ದೂರ ಓಡುತ್ತಿದ್ದೇನೆ. ಜಪಾನ್ ತಲುಪಿದ್ದೆ, ಆಗ ಹಿಂದಿನ ಸಾಲಿನಿಂದ ನನ್ನದೇ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು.

"ಮ್ಯಾಡಮ್, ಎಲ್ಲಾ ಖರೇರಿ. ಆದ್ರ ನಿಮ್ಮ ಕ್ಯಾಮೆರಾ ಅಡಿಗಿಮನಿ ಒಳಗ ಯಾಕ ಹೋಗಲಿಲ್ರಿ?"

ನಾನು ಮೈಕನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಿಸಿದೆ.

"ಅದರಾಗೇನದ?" ಎಂದಳು ಅಜ್ಜಿ, ಮುಂದಿನ ಸಾಲಿನಿಂದ. "ನಾನಽ ಬ್ಯಾಡ ಅಂದೆ. ಮಡಿ ಇತ್ತು."

ಕೋಣೆಯೆಲ್ಲ ನಕ್ಕಿತು. "ನೋಡ್ರಿ! ಶೈಲಿ ಹುಟ್ಟೂದಽ ಹಿಂಗ!" ಎಂದು ದೇಸಾಯಿ ಸರ್ ತೊಡೆ ತಟ್ಟಿದರು. ಇನ್ನೂ ಹೆಚ್ಚು ನಗು. ಅದು ಒಳ್ಳೆಯ ನಗು, ಅಜ್ಜಿಯ ಮೇಲಿನ ಪ್ರೀತಿಯ ನಗು. ನಾನೂ ಅದರೊಳಗೆ ಸೇರಿಕೊಂಡು, ಧನ್ಯವಾದ ಹೇಳಿ ಕೂತುಬಿಡಬಹುದಿತ್ತು. ಬಾಗಿಲು ತೆರೆದಿತ್ತು. ನಾನು ಗೋಡೆಯ ಕಡೆ ನೋಡಿದೆ. ಸುಜಾತಾ ನಗುತ್ತಿರಲಿಲ್ಲ. ಸಿಟ್ಟಿನಲ್ಲೂ ಇರಲಿಲ್ಲ. ಬೆಳಕು ಸರಿಯುವುದನ್ನು ಕಾಯುವಾಗ ನಿಲ್ಲುತ್ತಿದ್ದಳಲ್ಲ, ಹಾಗೆ ನಿಂತಿದ್ದಳು.

"ಕ್ಯಾಮೆರಾ ಹಿಡಿದವರು ಸುಜಾತಾ. ಅವರನ್ನೇ ಕೇಳಬೇಕು" ಎಂದು ಮೈಕನ್ನು ಅವಳತ್ತ ಚಾಚಿದೆ. ಅದು ಧೈರ್ಯವೋ ಜಾರಿಕೊಳ್ಳುವಿಕೆಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಅವಳು ಬಂದಳು, ಮೈಕ್ ತೆಗೆದುಕೊಂಡಳು. ಜನರ ಕಡೆ ತಿರುಗಲಿಲ್ಲ. ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ಒಂದ ಮಾತ ಕೇಳ್ಲೇನ್ರಿ?"

"ಕೇಳವಾ."

"ಮಡಿ ಇರದಿದ್ರ ನನ್ನ ಒಳಗ ಕರೀತಿದ್ರೇನ್ರಿ?"

ನಗು ಒಮ್ಮೆಲೇ ನಿಲ್ಲುವುದಿಲ್ಲ. ಹಿಂದಿನ ಸಾಲಿನಲ್ಲಿ ಸ್ವಲ್ಪ ಉಳಿದಿತ್ತು, ಅದೂ ನಿಂತಿತು. ನಮ್ಮಜ್ಜಿಯಲ್ಲಿ ಬೇಕಾದಷ್ಟು ಹಟವಿದೆ, ಆದರೆ ಥಟ್ಟನೆ ಸುಳ್ಳು ಹೇಳುವ ಚುರುಕುತನ ಇಲ್ಲ. ಸೆರಗು ಸರಿಮಾಡಿಕೊಂಡಳು. ಸುಜಾತಾಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಸುಜಾತಾಳ ಮುಖ ನೋಡಿದಳು.

"ಕರೀತಿದ್ದಿಲ್ಲವಾ" ಎಂದಳು.

ಹೇಳಿದ ಮೇಲೆ, ಅದನ್ನು ಬೇರೆ ಯಾರೋ ಹೇಳಿದಂತೆ ಸ್ವಲ್ಪ ಬೆದರಿದಳು.

"ಹೂಂನ್ರಿ" ಎಂದಳು ಸುಜಾತಾ. "ನಾ ತಗದದ್ದೂ ಅದನ್ನಽ ರಿ."

ಮೈಕನ್ನು ನನ್ನ ಕೈಗಿತ್ತು ಗೋಡೆಯ ಹತ್ತಿರ ಹೋದಳು. ಆಗ ನೆನಪಾಯಿತು: ಸಂಕಲನ ಮಾಡುವಾಗ ಎಲ್ಲ ಚಿತ್ರಿಕೆಗಳ ಅಂಚಿನಲ್ಲೂ ಬಾಗಿಲಿನ ಚೌಕಟ್ಟು ಕಪ್ಪಾಗಿ ಕಾಣುತ್ತದೆ, ಕತ್ತರಿಸಿ ಅಜ್ಜಿಯನ್ನು ಹತ್ತಿರ ತರೋಣ ಎಂದು ನಾನು ಹೇಳಿದ್ದೆ. ಸುಜಾತಾ ಒಪ್ಪಿರಲಿಲ್ಲ. ಬಾಗಲಾ ಇರಲಿ ಎಂದಷ್ಟೇ ಹೇಳಿದ್ದಳು. ನನಗೆ ಅಡ್ಡಿ ಎನಿಸಿದ್ದನ್ನು ಅವಳು ಮೊದಲ ದಿನದಿಂದ ಚಿತ್ರ ಎಂದೇ ನೋಡುತ್ತಿದ್ದಳು. ನಾನು ಪುಟಗಟ್ಟಲೆ ಬರೆದ ಹೊಸ ಅಲೆ ನನ್ನ ಪಕ್ಕದಲ್ಲೇ ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ನಿಂತಿತ್ತು. ನಾನು ಟ್ರ್ಯಾಕ್ಟರಿನ ಚಿಂತೆಯಲ್ಲಿದ್ದೆ.

ದೇಸಾಯಿ ಸರ್ ವಂದನಾರ್ಪಣೆಯನ್ನು ಬೇಗನೆ ಮುಗಿಸಿದರು. ಬಸ್ ನಿಲ್ದಾಣದವರೆಗೆ ಮೂವರೂ ಒಟ್ಟಿಗೆ ನಡೆದೆವು. ಅಜ್ಜಿ ಕಲ್ಲುಬೆಂಚಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳತೊಡಗಿದಳು. ರಾಮದುರ್ಗದ ಬಸ್ಸು ಬಂತು. ನಾನು ಸುಜಾತಾಳ ಚೀಲ ಎತ್ತಿಕೊಟ್ಟೆ. ಇನ್ನು ಇವಳು ನನಗೆ ಫೋನ್ ಮಾಡುವುದಿಲ್ಲ ಎಂದೇ ಅಂದುಕೊಂಡೆ.

"ಮುಂದಿಂದು ನಮ್ಮ ಮನ್ಯಾಗ ತಗಿಯೂಣು" ಎಂದಳು ಅವಳು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ನಮ್ಮವ್ವ ರೊಟ್ಟಿ ಬಡಿಯೂದು. ಅಡಿಗಿಮನಿ ಒಳಗಽ ಕ್ಯಾಮೆರಾ ಇಡೂಣು. ನಿಮ್ಮಜ್ಜಿನ್ನೂ ಕರಕೊಂಡ ಬಾ. ಎಲ್ಲಿ ತನಾ ಬರತಾರ ನೋಡೂಣು."

ನನಗೆ ನಗು ಬಂತು, ಅಳುವಿನಷ್ಟೇ ಹತ್ತಿರದಿಂದ.

"ನಗಬ್ಯಾಡ. ಇಷ್ಟ ವರ್ಷದಾಗ ನೀನರೆ ಒಮ್ಮೆ ಬಂದೀಯೇನು?"

ಬಸ್ಸು ಹೊರಟಿತು. ನಾನು ಹೋಗಿರಲಿಲ್ಲ. ಹೋಗಬಾರದೆಂದು ಎಂದೂ ಅಂದುಕೊಂಡಿರಲಿಲ್ಲ, ಅಷ್ಟೆ.

ಬೈಲಹೊಂಗಲದ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಹಳ ದೂರ ಬಂದ ಮೇಲೆ, ಅವಳ ಕಡೆ ನೋಡದೆ, ಸುಜಾತಾ ಹೇಳಿದ್ದನ್ನು ಹೇಳಿದೆ. ಎಲ್ಲಿಯತನಕ ಬರುತ್ತೀ ನೋಡೋಣ ಎಂದದ್ದನ್ನೂ ಬಿಡಲಿಲ್ಲ. ಅಜ್ಜಿ ಹೊರಗೆ ನೋಡುತ್ತಲೇ ಇದ್ದಳು. ಕಬ್ಬು ಕಡಿದ ಹೊಲಗಳು ಹಿಂದೆ ಸರಿಯುತ್ತಿದ್ದವು. ಕೇಳಿಸಲಿಲ್ಲವೇನೋ ಎಂದುಕೊಂಡೆ, ಕೇಳಿಸದಿದ್ದರೆ ಒಳ್ಳೆಯದಿತ್ತು ಎಂದೂ ಅಂದುಕೊಂಡೆ.

"ಹೋದ್ರ ಚಾ ಕುಡೀಬೇಕಾಗ್ತದಲಾ" ಎಂದಳು ಅಜ್ಜಿ, ಕಿಟಕಿಗೆ ಹೇಳುವಂತೆ.

"ಹೂಂ. ಚಾ ಕುಡೀಬೇಕು. ಊಟಾನೂ ಮಾಡಬೇಕು."

"ಒಮ್ಮೆಲೇ ಅಷ್ಟೆಲ್ಲಾ ಹೇಳಬ್ಯಾಡ" ಎಂದು ಅಜ್ಜಿ ಗದರಿದಳು. "ಚಾದ್ದು ಮೊದ್ಲ ವಿಚಾರ ಮಾಡ್ತೇನಿ, ತಡಿ."